ಮೂರೆಲೆಯ ಮಾನ

ಟ್ರೋಯಾನ್, ೧೪ ಆಗಸ್ಟ್ ೨೦೦೨

ಮಹಾಘನ ಡಾಕ್ಟರ್ ತೆಮೆನುಗಾ ಅತ್ತಿಗೆಯವರ ಸನ್ನಿಧಾನಕ್ಕೆ,

ಕಟಕಟೆಯಲ್ಲಿ ನಿಂತು, ಎದೆಯ ಮೇಲೆ ಕೈಯಿಟ್ಟು, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುತ್ತಿದ್ದೇನೆ: ನಾನು ಕಳ್ಳ. ವಾರ್ನಾದಿಂದ ನೀವು ಬಸ್ಸಿನ ಡ್ರೈವರ್ ಕೈಯಲ್ಲಿ ನಿಮ್ಮ ತಂಗಿಗೆಂದು ಕಳಿಸಿದ, ಮೈಗೆ ಅಂಟಿಸುವ ಹಾರ್ಮೋನ್ ಪಟ್ಟಿಗಳ ಡಬ್ಬಿಯಿಂದ ಒಂದನ್ನು ಕದ್ದು, ಹಿತ್ತಲಿಗೆ ಹೋಗಿ, ನಮ್ಮ ಹುಂಜದ ರೆಕ್ಕೆಯಡಿ ಅಂಟಿಸಿದ್ದೇನೆ. ವಿಜ್ಞಾನದ ಸಲುವಾಗಿ. ಹುಂಜ ಇನ್ನೂ ಮೊಟ್ಟೆ ಇಟ್ಟಿಲ್ಲ. ಆದರೆ ಬೆಳಿಗ್ಗೆ ಕೂಗುವ ಮುನ್ನ ಅದೀಗ ಒಂದು ಕ್ಷಣ ಯೋಚನೆ ಮಾಡುತ್ತದೆ. ನಮ್ಮೂರಿನ ಯಾವ ಗಂಡೂ ಇದುವರೆಗೆ ಮಾಡದ ಕೆಲಸ.

ಮಿಕ್ಕ ಪಟ್ಟಿಗಳನ್ನು ಅದೇ ಡ್ರೈವರ್ ಕೈಯಲ್ಲಿ ವಾಪಸು ಕಳಿಸಿದ್ದೇನೆ. ನೀವು ಪಟ್ಟಿ ಬಿಡುವವರಲ್ಲ, ನಾನು ಪಟ್ಟು ಬಿಡುವವನಲ್ಲ. ನಿಮ್ಮ ಅಂಟಿನಿಂದ ನಮ್ಮ ನಂಟು ಹಾಳಾಗುವುದು ಬೇಡ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ನೀವು ನಡುವೆಯೇ ಫೋನು ಕುಕ್ಕುತ್ತೀರಿ. ಕಾಗದವನ್ನು ಕುಕ್ಕಿದರೆ ಸದ್ದಾಗುವುದಿಲ್ಲ, ನಿಮಗೂ ತೃಪ್ತಿ ಸಿಗುವುದಿಲ್ಲ.

ಕಳೆದ ತಿಂಗಳ ಪತ್ರಿಕೆಯ ತುಣುಕೊಂದನ್ನು ಇದರೊಂದಿಗೆ ಇಟ್ಟಿದ್ದೇನೆ. ಅಮೆರಿಕದಲ್ಲಿ ಹಾರ್ಮೋನು ತಿಂದ ಹೆಂಗಸರಿಗೆ ಸ್ತನದ ಕ್ಯಾನ್ಸರು ಹೆಚ್ಚಾಯಿತಂತೆ, ಅಧ್ಯಯನವನ್ನೇ ನಡುವೆ ನಿಲ್ಲಿಸಿದರಂತೆ. ಇಷ್ಟಾದ ಮೇಲೂ ನೀವು ನನ್ನ ಹೆಂಡತಿ ವೆಲಿಕಾಳ ಸೊಂಟಕ್ಕೆ ಅದನ್ನೇ ಅಂಟಿಸಲು ಹೊರಟಿದ್ದೀರಿ. ಅವಳಿಗೆ ಬೇಕಾದದ್ದೆಲ್ಲ ನಮ್ಮ ಹುಲ್ಲುಗಾವಲಿನಲ್ಲಿದೆ. ದನಕರು ಮೇಯುವ ಕೆಂಪು ಹೂವಿನ ಮೂರೆಲೆ, ಹೆಣ್ಣಿನ ಹಾರ್ಮೋನನ್ನೇ ಹೋಲುವ ವಸ್ತು ಅದರಲ್ಲೇ ಇದೆ ಎಂದು ನಿಮ್ಮ ಪುಸ್ತಕಗಳೂ ಒಪ್ಪುತ್ತವೆ. ನಡುಬೇಸಿಗೆಯ ಹಬ್ಬವಾದ ಎನ್ಯೊ ದಿನದಂದು ನಮ್ಮ ಅಜ್ಜಿಯರು ಸೂರ್ಯ ಹುಟ್ಟುವ ಮುನ್ನ ಎಪ್ಪತ್ತೇಳೂವರೆ ಗಿಡ ಕೊಯ್ಯುತ್ತಿದ್ದರು: ಎಪ್ಪತ್ತೇಳು ಗೊತ್ತಿರುವ ರೋಗಕ್ಕೆ, ಆ ಅರ್ಧ ಹೆಸರಿಲ್ಲದ ರೋಗಕ್ಕೆ. ಆ ಅರ್ಧವನ್ನೂ ಬಿಡದೆ ಕೊಯ್ಯುವವನು ನಾನು.

ಸಾಕ್ಷಿ ಬೇಕೇ? ನಾನೇ ಇದ್ದೇನೆ. ಸಂಬಳ ಬಾರದ ಕಾಲದಲ್ಲಿ ಸಾಹಿತ್ಯದ ಮೇಷ್ಟರಿಕೆ ಬಿಟ್ಟು ಮೂರೆಲೆಯ ಈ ಅರ್ಕ ಮಾರಲು ಕೂತಾಗಿನಿಂದ ದಿನವೂ ಕುಡಿಯುತ್ತಿದ್ದೇನೆ. ನನಗೀಗ ಐವತ್ತಾರು ವರ್ಷ. ಪ್ಲಮ್ ಮರದಿಂದ ಬಿದ್ದಿದ್ದೇನೆ, ಏಣಿಯಿಂದ ಬಿದ್ದಿದ್ದೇನೆ, ನಿಮ್ಮ ಕಣ್ಣಿನಿಂದಂತೂ ಯಾವತ್ತೋ ಬಿದ್ದಿದ್ದೇನೆ. ಒಂದು ಮೂಳೆಯೂ ಮುರಿದಿಲ್ಲ. ಕಬ್ಬಿಣ ಅತ್ತಿಗೆ, ಕಬ್ಬಿಣ.

ಹೂವಿನ ಹೆಸರಿಟ್ಟುಕೊಂಡು ಗಿಡಗಳನ್ನು ದ್ವೇಷಿಸುವ ತಮಗೆ ನಮಸ್ಕರಿಸುವ,
ಮಿಂಚೊ


ವಾರ್ನಾ, ೨೩ ಆಗಸ್ಟ್ ೨೦೦೨

ಮಿಂಚೊ ಮಾಸ್ತರರಿಗೆ,

ಹೆಸರು ಮಿಂಚೊ, ಬರುವುದು ಗುಡುಗು ಮಾತ್ರ. ನಿಮ್ಮ ದೇಹದಲ್ಲಿ ನಿಜಕ್ಕೂ ಗಟ್ಟಿಯಾಗಿರುವುದು ಎಲುಬಿಲ್ಲದ ಆ ಒಂದೇ ಅಂಗ ಎಂದು ನಾನು ಮದುವೆಯ ದಿನವೇ ಗುರುತಿಸಿದ್ದೆ.

ಪತ್ರಿಕೆಯ ತುಣುಕು ನೋಡಿದೆ. ಬಹಳ ಅಂದವಾಗಿ ಕತ್ತರಿಸಿದ್ದೀರಿ. ಅದೇ ಅಧ್ಯಯನದಲ್ಲಿ ಹಾರ್ಮೋನು ತೆಗೆದುಕೊಂಡ ಹೆಂಗಸರ ಸೊಂಟದ ಮೂಳೆಗಳು ಕಡಿಮೆ ಮುರಿದವು ಎಂಬ ಸಾಲು ನಿಮ್ಮ ಕತ್ತರಿಯ ಆಚೆ ಬದಿಗೆ ಬಿದ್ದುಹೋಗಿದೆ. ಆ ಹೆಂಗಸರಲ್ಲಿ ಹೆಚ್ಚಿನವರಿಗೆ ಅರವತ್ತು ದಾಟಿತ್ತು. ಅವರಿಗೆ ಕೊಟ್ಟದ್ದು ಎರಡು ಹಾರ್ಮೋನುಗಳ ಮಾತ್ರೆ. ನನ್ನ ತಂಗಿಗೆ ನಲವತ್ತೇಳು. ನಲವತ್ತಮೂರಕ್ಕೆ ಆಪರೇಷನ್ನಿನಲ್ಲಿ ಅವಳ ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದರು. ಬೇರೆಯವರಿಗೆ ಮೆಲ್ಲಗೆ ಆರುವ ದೀಪ ಅವಳಿಗೆ ಒಂದೇ ಬೆಳಿಗ್ಗೆ ಆರಿತು. ಅಂದಿನಿಂದ ಅವಳ ಮೂಳೆ ಸವೆಯುತ್ತಿದೆ. ನಾನು ಕಳಿಸುವ ಪಟ್ಟಿಯಲ್ಲಿರುವುದು ಕತ್ತರಿ ಕಿತ್ತುಕೊಂಡದ್ದರ ಒಂದು ಪಾಲು, ಅಷ್ಟೇ.

ನಿಮ್ಮ ಮೂರೆಲೆಯನ್ನು ನಾನು ವಿಷ ಎಂದಿಲ್ಲ. ಅದರಲ್ಲಿರುವುದು ಹಾರ್ಮೋನಿನ ದೂರದ ನೆಂಟ. ಮನೆಯೊಳಗೆ ಬರುತ್ತದೆ, ಕೆಲಸಕ್ಕೆ ಕೈಹಾಕುವುದಿಲ್ಲ. ಅದರ ಮೇಲೆ ಮಾಡಿದ ಪರೀಕ್ಷೆಗಳು ಸಣ್ಣವು, ಒಂದು ಹೌದೆಂದರೆ ಇನ್ನೊಂದು ಅಲ್ಲ ಎನ್ನುತ್ತದೆ. ಅದನ್ನು ಕುಡಿದು ಮೂಳೆ ಮುರಿಯುವುದು ತಪ್ಪಿತು ಎಂದು ಯಾರೂ ತೋರಿಸಿಲ್ಲ. ಹೆಸರಿಲ್ಲದ ರೋಗಕ್ಕೆ ಅರ್ಧ ಗಿಡ ಸಾಕಾಗಬಹುದು. ನನ್ನ ತಂಗಿಯ ರೋಗಕ್ಕೆ ಹೆಸರಿದೆ.

ನಮ್ಮ ಅಮ್ಮ ಕೊನೆಯ ವರ್ಷಗಳಲ್ಲಿ ನೆಲ ನೋಡಿಕೊಂಡೇ ನಡೆದಳು. ಸೊಂಟ ಮುರಿದ ಮೇಲೆ ಮಲಗಿದವಳು ಏಳಲಿಲ್ಲ. ನೀವು ಅವಳ ಶವಪೆಟ್ಟಿಗೆಗೆ ಹೆಗಲು ಕೊಟ್ಟಿದ್ದೀರಿ. ಎಷ್ಟು ಹಗುರವಿತ್ತು ಎಂದು ನಿಮಗೆ ನೆನಪಿರಬೇಕು.

ಪಟ್ಟಿಗಳನ್ನು ಮತ್ತೆ ಕಳಿಸುತ್ತಿದ್ದೇನೆ. ಹುಂಜದಿಂದ ದೂರವಿಡಿ. ವೆಲಿಕಾ ಸಿಗರೇಟು ಸೇದುತ್ತಾಳೆಯೇ, ಮದ್ಯ ಕುಡಿಯುತ್ತಾಳೆಯೇ, ಎಷ್ಟು ನಡೆಯುತ್ತಾಳೆ, ಬರೆಯಿರಿ. ಮೂರೆಲೆಯನ್ನು ಮೂಲೆಗೆ ಹಾಕಿ.

ಡಾ. ತೆಮೆನುಗಾ


ಟ್ರೋಯಾನ್, ೯ ಸೆಪ್ಟೆಂಬರ್ ೨೦೦೨

ಅತ್ತಿಗೆಯವರೇ,

ವಿಚಾರಣೆಗೆ ಉತ್ತರ. ಸಿಗರೇಟು: ಇಲ್ಲ. ನಡಿಗೆ: ನನಗಿಂತ ಹೆಚ್ಚು, ಯಾಕೆಂದರೆ ನನ್ನ ಪಾಲಿನದನ್ನೂ ಅವಳೇ ನಡೆಯುತ್ತಾಳೆ. ಮದ್ಯ: ಕೇಳುವುದಕ್ಕೆ ನಿಮಗೆ ನಾಚಿಕೆಯಾಗಬೇಕು. ವೆಲಿಕಾ ಬಿಯರು ಮುಟ್ಟುವುದಿಲ್ಲ, ಈಸ್ಟರಿಗೆ ಒಂದು ಗುಟುಕು ವೈನು. ನೀವು ಸಮುದ್ರದ ಕಡೆಯವರು ಸಂಜೆಯಾದರೆ ಏನು ಹೀರುತ್ತೀರೋ ನಮಗೆ ಗೊತ್ತಿಲ್ಲ.

ನಿಮ್ಮ ಎರಡನೆಯ ಡಬ್ಬಿಯನ್ನು ನಾನು ಮುಟ್ಟಲಿಲ್ಲ. ನೇರವಾಗಿ ಅವಳ ಕೈಗೇ ಕೊಟ್ಟೆ. ಅವಳು ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು, ನಮ್ಮ ಬೀದಿಯ ಸ್ತೊಯಾಂಕಾ ಟೀಚರಿಗೆ ಕಾಯಿಲೆ ಬಂದದ್ದು ಹೀಗೇ ಏನನ್ನೋ ತೆಗೆದುಕೊಂಡ ಮೇಲಲ್ಲವೇ ಎಂದಳು, ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಆಮೇಲೆ ಬಂದು ನನ್ನ ಎದುರು ಕೂತು, ಅರ್ಕದ ಗ್ಲಾಸು ಎತ್ತಿ, ಮುಖ ಕಿವುಚಿಕೊಂಡು, ಒಂದೇ ಗುಟುಕಿಗೆ ಕುಡಿದಳು. ಗಂಡನ ಮೇಲಿನ ನಂಬಿಕೆ ಎಂದರೆ ಇದು. ಇದನ್ನು ಯಾವ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲ.

ನಿಮಗೆ ಹೇಳು ಎಂದು ಅವಳು ಹೇಳಿದ ಮಾತು ಒಂದಿದೆ, ಹೇಳಿದಂತೆಯೇ ಬರೆಯುತ್ತೇನೆ: "ಅಕ್ಕ ನನ್ ಮೂಳೇನ ವಿಚಾರಿಸ್ತಾಳೆ. ನನ್ನನ್ನಲ್ಲ."

ಗೆದ್ದವನು,
ಮಿಂಚೊ


ಟ್ರೋಯಾನ್, ೧೮ ನವೆಂಬರ್ ೨೦೦೨

ಅತ್ತಿಗೆಯವರೇ,

ನೀವು ಎರಡು ತಿಂಗಳು ಮೌನವಾಗಿದ್ದೀರಿ, ಸೋತವರ ಲಕ್ಷಣ. ವೆಲಿಕಾಳಿಗೆ ಬೆನ್ನು ಸ್ವಲ್ಪ ಉಳುಕಿದೆ, ಫೋನಿನ ತನಕ ನಡೆದು ಬರಲು ಬೇಸರ, ಆದ್ದರಿಂದ ಅವಳ ಹುಟ್ಟುಹಬ್ಬಕ್ಕೆ ಫೋನು ಮಾಡುವ ಶ್ರಮ ತೆಗೆದುಕೊಳ್ಳಬೇಡಿ. ಇಲ್ಲಿ ಚಳಿ ಶುರುವಾಗಿದೆ. ಎಲೆಕೋಸು ಉಪ್ಪಿಗೆ ಹಾಕಿ ಆಯಿತು. ಹುಂಜ ಕ್ಷೇಮ.

ಮಿಂಚೊ


ವಾರ್ನಾ, ೨೫ ನವೆಂಬರ್ ೨೦೦೨

ಮಿಂಚೊ,

ಮಾಸ್ತರರು ಎಂಬ ಮರ್ಯಾದೆ ಇವತ್ತಿಗೆ ಮುಗಿಯಿತು.

ಹುಟ್ಟುಹಬ್ಬಕ್ಕೆ ಫೋನು ಮಾಡಿದೆ. ಎತ್ತಿದ್ದು ನಿಮ್ಮ ಪಕ್ಕದ ಮನೆಯಾಕೆ, ಗಂಜಿ ಮಾಡಿಕೊಡಲು ಬಂದಿದ್ದವಳು. ಅವಳು ಹೇಳಿದಳು. ಕೋಸಿನ ಪೀಪಾಯಿಯಿಂದ ಉಪ್ಪುನೀರು ಬಸಿದು ಮತ್ತೆ ಮೇಲಿನಿಂದ ಸುರಿಯುವಾಗ, ಆ ಬಕೆಟ್ಟನ್ನು ಎತ್ತಿದ ಕ್ಷಣದಲ್ಲಿ ವೆಲಿಕಾ ಕೂಗಿ ಕೂತವಳು ಏಳಲಿಲ್ಲವಂತೆ. ಸೌದೆ ಮುರಿದಂತೆ ಸದ್ದು ಕೇಳಿತಂತೆ. ನೀನು ಆಗ ಮೇಲಿನ ಕೋಣೆಯಲ್ಲಿ ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದೆಯಂತೆ. ಎಕ್ಸ್-ರೇ ತೆಗೆಸಿದ್ದು ನಾಲ್ಕನೆಯ ದಿನ. ಬೆನ್ನುಮೂಳೆಯ ಒಂದು ಮಣಿ ಕುಸಿದಿದೆ. ಇದಕ್ಕೆ ನೀನು ಕೊಟ್ಟ ಹೆಸರು ಉಳುಕು. ಸಾಹಿತ್ಯದ ಮೇಷ್ಟ್ರಿಗೆ ಶಬ್ದಗಳ ಬಗ್ಗೆಯಾದರೂ ಮರ್ಯಾದೆ ಇರಬೇಕಿತ್ತು.

ಒಂದು ಬಕೆಟ್ಟು ನೀರು, ಮಿಂಚೊ. ನಲವತ್ತೆಂಟರ ಹೆಂಗಸಿನ ಬೆನ್ನು ಒಂದು ಬಕೆಟ್ಟು ನೀರಿಗೆ ಮುರಿಯಿತು. ಮುಂದಿನದು ಸೊಂಟ. ಅಮ್ಮನದು ಇದೇ ಕ್ರಮದಲ್ಲಿ ಆಯಿತು.

ಶನಿವಾರ ಕಾರು ತೆಗೆದುಕೊಂಡು ಬರುತ್ತೇನೆ. ಹಿಂದಿನ ಸೀಟಿನಲ್ಲಿ ಮಲಗಿಸಿ ಕರೆದೊಯ್ಯುತ್ತೇನೆ. ನೀನು ಅಡ್ಡ ನಿಂತರೆ ನಿನ್ನ ಕಬ್ಬಿಣವನ್ನೂ ಪರೀಕ್ಷೆ ಮಾಡಿಯೇ ಬಿಡುತ್ತೇನೆ. ಅಷ್ಟರೊಳಗೆ ಅವಳ ಹೊಟ್ಟೆಗೆ ಏನೇನು ಹೋಗುತ್ತಿದೆ, ಎಷ್ಟು ಹೋಗುತ್ತಿದೆ, ಒಂದನ್ನೂ ಬಿಡದೆ ಬರೆದಿಡು. ತಮಾಷೆ ಬೇಡ.

ತೆಮೆನುಗಾ


ಟ್ರೋಯಾನ್, ೩೦ ನವೆಂಬರ್ ೨೦೦೨, ಶನಿವಾರ ಬೆಳಿಗ್ಗೆ

ತೆಮೆನುಗಾ,

ನೀವು ಬಂದಾಗ ನಾನು ಮನೆಯಲ್ಲಿರುವುದಿಲ್ಲ. ಹೆದರಿಕೆಯಿಂದ ಎಂದು ತಿಳಿಯಬೇಡಿ, ಅಸಹ್ಯದಿಂದ. ಈ ಕಾಗದವನ್ನು ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದೇನೆ.

ಅವಳನ್ನು ಎತ್ತಲು ಹೋದಾಗ ಅವಳು ನನ್ನ ಕೈ ತಳ್ಳಿದಳು; ಮುಟ್ಟಿದರೆ ನೋವು ಎಂದು ತಳ್ಳಿದಳು, ಬೇರೇನೂ ಅಲ್ಲ. ನಾಲ್ಕು ದಿನ ತಡವಾದದ್ದು ಅವಳೇ ಬೇಡ ಎಂದದ್ದರಿಂದ. ಆಸ್ಪತ್ರೆಗೆ ಹೋದರೆ ಅಕ್ಕನಿಗೆ ಗೊತ್ತಾಗುತ್ತದೆ, ಅಕ್ಕ ಬೈಯುತ್ತಾಳೆ ಎಂದಳು. ನಿಮ್ಮ ವೈದ್ಯಕೀಯದ ಕೀರ್ತಿ ಹೀಗಿದೆ.

ಕೇಳಿದ ವಿವರ, ತಮಾಷೆಯಿಲ್ಲದೆ. ಮೊಸರು, ರೊಟ್ಟಿ, ಹುರುಳಿಕಾಯಿ ಸಾರು, ಬಿಳಿ ಚೀಸು. ಮತ್ತು ಅರ್ಕ. ಅದನ್ನು ಹೇಗೆ ಮಾಡುತ್ತೇನೆ ಎಂದು ಯಾರಿಗೂ ಹೇಳಿದವನಲ್ಲ. ನಿಮಗೆ ಹೇಳುತ್ತೇನೆ, ಓದಿ ತಲೆಬಾಗಿ. ಎನ್ಯೊ ದಿನ ಇಬ್ಬನಿ ಆರುವ ಮೊದಲು ಕೊಯ್ದ ಹೂವು. ನೆರಳಿನಲ್ಲಿ ಒಣಗಿಸಿದ್ದು. ಅದನ್ನು ನೀರಿನಲ್ಲಿ ಕುದಿಸಿ ಕೊಲ್ಲುವ ಪೆದ್ದ ನಾನಲ್ಲ. ನನ್ನದೇ ತೋಟದ ಪ್ಲಮ್ಮಿನ ರಾಕಿಯಾ, ಎರಡು ಸಲ ಬಟ್ಟಿ ಇಳಿಸಿದ್ದು, ಕಡ್ಡಿ ಗೀರಿ ತೋರಿಸಿದರೆ ನೀಲಿಯಾಗಿ ಉರಿಯುವಂಥದ್ದು, ಅದರಲ್ಲಿ ನಲವತ್ತು ದಿನ ನೆನೆಹಾಕುತ್ತೇನೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಗ್ಲಾಸು, ಮಲಗುವಾಗ ಒಂದು. ಸೆಪ್ಟೆಂಬರಿನಲ್ಲಿ ಬೆನ್ನುನೋವು ಶುರುವಾದ ಮೇಲೆ ಮಧ್ಯಾಹ್ನಕ್ಕೂ ಒಂದು. ಚಮಚವಲ್ಲ, ಗ್ಲಾಸು. ಔಷಧಿಯನ್ನು ಚಮಚದಲ್ಲಿ ಕೊಡುವುದು ಅದನ್ನು ಮಾರುವವರು. ಪ್ರೀತಿಸುವವರಿಗೆ ಗ್ಲಾಸಿನಲ್ಲೇ ಕೊಡಬೇಕು.

ಇದನ್ನು ಕುಡಿದೂ ಅವಳ ಬೆನ್ನು ಹೀಗಾಗಿದೆ ಎಂದರೆ, ಕುಡಿಯದಿದ್ದರೆ ಏನಾಗುತ್ತಿತ್ತೋ ಯೋಚಿಸಿ.

ಮಿಂಚೊ


ವಾರ್ನಾ, ೨೦ ಡಿಸೆಂಬರ್ ೨೦೦೨

ಮಿಂಚೊ,

ಯೋಚಿಸಿದೆ. ಮೂರು ವಾರ ಯೋಚಿಸಿದೆ. ಕೂಡಲೇ ಬರೆದಿದ್ದರೆ ಈ ಕಾಗದ ನೀನು ಓದುವಂತಿರುತ್ತಿರಲಿಲ್ಲ.

ಮದ್ಯ ಕುಡಿಯುತ್ತಾಳೆಯೇ ಎಂದು ಕೇಳಿದ್ದೆ. ನಾಚಿಕೆಯಾಗಬೇಕು ಎಂದು ಬರೆದೆ. ದಿನಕ್ಕೆ ಮೂರು ಗ್ಲಾಸು ರಾಕಿಯಾ, ಖಾಲಿ ಹೊಟ್ಟೆಗೂ ಸೇರಿ. ಮೂಳೆಯನ್ನು ಕಟ್ಟುವ ಕೆಲಸವನ್ನು ಅಷ್ಟು ಮದ್ಯ ತಡೆಯುತ್ತದೆ. ಕಾಲು ತಡವರಿಸುವಂತೆಯೂ ಮಾಡುತ್ತದೆ. ಅವಳ ಮೂಳೆ ಸವೆದದ್ದು ಆಪರೇಷನ್ನಿನಿಂದ, ಅದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ. ಆದರೆ ಸವೆಯುತ್ತಿದ್ದ ಗೋಡೆಗೆ ದಿನಕ್ಕೆ ಮೂರು ಹೊತ್ತು ನೀರು ಹೊಡೆದವನು ನೀನು. ಅದೂ ಬಹಳ ಪ್ರೀತಿಯಿಂದ.

ನೀನು ಸುಳ್ಳು ಹೇಳಿದೆ ಎಂದುಕೊಂಡು ಎಷ್ಟೋ ದಿನ ಕುದಿದೆ. ಆಮೇಲೆ ತಿಳಿಯಿತು, ನೀನು ಸುಳ್ಳು ಹೇಳಿರಲಿಲ್ಲ. ನಮ್ಮ ಜನರಲ್ಲಿ ಯಾರು ತಾನೇ ರಾಕಿಯಾವನ್ನು ಮದ್ಯ ಎಂದುಕೊಳ್ಳುತ್ತಾರೆ? ನಮ್ಮ ಅಪ್ಪ ನೆಗಡಿಗೆ ಅದನ್ನೇ ಎದೆಗೆ ತಿಕ್ಕಿಕೊಂಡು, ಮಿಕ್ಕದ್ದನ್ನು ಕುಡಿದು, ಹೊಟ್ಟೆನೋವಿಗೆ ಮತ್ತೆ ಕುಡಿದು, ಹಸಿರಾಗಿ ಬದುಕಿ ಹಳದಿಯಾಗಿ ಸತ್ತ. ಅವನು ಕುಡಿಯುವವನಲ್ಲ ಎಂದೇ ಊರು ಹೇಳಿತು. ನನ್ನ ಕೊಠಡಿಗೆ ಬರುವವರೂ ದಿನವೂ "ಇಲ್ಲಪ್ಪ" ಎನ್ನುತ್ತಾರೆ, ನಾನೂ ಇಲ್ಲ ಎಂದು ಬರೆದುಕೊಳ್ಳುತ್ತೇನೆ. ಗ್ಲಾಸಿನಲ್ಲಿ ಏನಿದೆ ಎಂದು ಕೇಳಬೇಕಿತ್ತು. ನಾನೂ ಆ ಊರಿನವಳೇ. ಈ ತಪ್ಪು ನನ್ನದು.

ಇನ್ನೊಂದಿದೆ. ಅವಳಿಗೆ ಬೆನ್ನುಪಟ್ಟಿ ಹಾಕಿಸಿ, ಕಿಟಕಿಯ ಬಳಿ ಕೂರಿಸಿ, ಹಾರ್ಮೋನ್ ಪಟ್ಟಿಯ ಡಬ್ಬಿಯನ್ನು ಮುಂದಿಟ್ಟು ಪಾಠ ಶುರುಮಾಡಿದೆ. ಅವಳು ಪೂರ್ತಿ ಕೇಳಿ, "ಅಕ್ಕಾ, ನೀನು ಹಚ್ಕೊಂಡಿದ್ದೀಯಾ?" ಎಂದಳು.

ನನ್ನದನ್ನು ನಾನು ಜುಲೈನಲ್ಲಿ ಕಿತ್ತು ಹಾಕಿದ್ದೆ. ಆ ಅಧ್ಯಯನ ಓದಿದ ದಿನವೇ. ಯಾರಿಗೂ ಹೇಳಿರಲಿಲ್ಲ. ಅವಳಿಗೆ ಹೇಳಿದೆ. ಬೆನ್ನು ಹಿಡಿದುಕೊಂಡು ನಕ್ಕಳು. "ನಿಂಗೂ ಭಯ ಆಗತ್ತಾ? ಮೊದಲೇ ಹೇಳಿದ್ರೆ ನಾನು ಅದನ್ನ ಕಪಾಟಲ್ಲಿ ಬೀಗ ಹಾಕಿಡ್ತಾ ಇರ್ಲಿಲ್ಲ" ಎಂದಳು. ಅವಳು ಬೀಗ ಹಾಕಿದ್ದು ನಿನ್ನ ಮೇಲಿನ ನಂಬಿಕೆಯಿಂದಲ್ಲ, ಮಿಂಚೊ, ಕ್ಯಾನ್ಸರಿನ ಭಯದಿಂದ. ನೀನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಕಾಗದ ಬರೆಯುವುದರಲ್ಲಿ ಮುಳುಗಿದ್ದೆವು.

ನನಗೆ ಗೊತ್ತಿರುವುದನ್ನೂ ಗೊತ್ತಿಲ್ಲದಿರುವುದನ್ನೂ ಅವಳಿಗೆ ಹೇಳಿದೆ. ನನ್ನ ಐವತ್ತೈದಕ್ಕೆ ಅದು ಹೆಚ್ಚುವರಿ. ಅವಳ ವಯಸ್ಸಿಗೆ ದೇಹದಲ್ಲಿ ಇರಬೇಕಾಗಿದ್ದು. ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸು ದಾಟುವ ತನಕ ಹಾಕಿಕೊಂಡು ಆಮೇಲೆ ಮತ್ತೆ ಕೂತು ಲೆಕ್ಕ ಹಾಕಬಹುದು, ಎದೆಯ ಪರೀಕ್ಷೆಯನ್ನು ಮಾತ್ರ ತಪ್ಪಿಸುವಂತಿಲ್ಲ ಎಂದೆ. ಅಪಾಯವೇ ಇಲ್ಲ ಎಂದು ಹೇಳಲಿಲ್ಲ. ಒಂದು ರಾತ್ರಿ ಬೇಕು ಎಂದಳು. ಬೆಳಿಗ್ಗೆ ತಾನೇ ಹಚ್ಚಿಕೊಂಡಳು.

ನಿನ್ನ ಬಗ್ಗೆ ಅವಳಿಗೆ ಕೋಪವಿಲ್ಲ. ನನಗಿದೆ. "ಕಹಿ ಅಂತ ನಂಗೂ ಗೊತ್ತಿತ್ತು. ಅವ್ನೂ ನನ್ ಎದುರು ಕೂತು ಅದನ್ನೇ ಕುಡೀತಿದ್ದ, ಅದಕ್ಕೇ ಕುಡ್ದೆ" ಎಂದಳು. ಈಗ ಅವಳ ಷರತ್ತು ಒಂದೇ. ನೀನು ಅಷ್ಟೂ ವರ್ಷ ಅವಳಿಗಿಂತ ಹೆಚ್ಚು ಕುಡಿದವನು, ಆದ್ದರಿಂದ ನಿನ್ನ ಮೂಳೆಯನ್ನೂ ಅಳೆಸಿ ಚೀಟಿ ಕಳಿಸಬೇಕು. ಅದು ಬರುವ ತನಕ ವಾಪಸು ಬರುವುದಿಲ್ಲವಂತೆ. ಪ್ಲೆವೆನ್‌ನಲ್ಲಿ ಯಂತ್ರವಿದೆ. ಹೋಗು.

ತೆಮೆನುಗಾ


ಟ್ರೋಯಾನ್, ೧೬ ಜನವರಿ ೨೦೦೩

ಅತ್ತಿಗೆ,

ಹೋಗಿಬಂದೆ. ಹೊಸ ಕೋಟು ತೊಟ್ಟು ಹೋದೆ. ಗೆದ್ದ ಚೀಟಿಗೆ ಕಟ್ಟು ಹಾಕಿಸಿ ನಿಮಗೆ ಕಳಿಸೋಣ ಎಂದು ಬರುವಾಗ ನಿಲ್ಲಬೇಕಾದ ಅಂಗಡಿಯನ್ನೂ ಗುರುತು ಮಾಡಿಟ್ಟಿದ್ದೆ.

ಯಂತ್ರದ ಹುಡುಗಿ ಅಂಕಿ ನೋಡಿಕೊಂಡೇ "ತಾತ, ಮೆಲ್ಲಗೆ ಎದ್ದೇಳಿ" ಎಂದಳು. ಆಮೇಲೆ ನನ್ನ ಮುಖ ನೋಡಿ ಕ್ಷಮೆ ಕೇಳಿದಳು. ಚೀಟಿ ಇದರೊಂದಿಗಿದೆ. ಓದಲು ನಿಮಗೆ ನನ್ನ ಸಹಾಯ ಬೇಡ. ಸೊಂಟದ ಲೆಕ್ಕದಲ್ಲಿ ನಾನು ನಿಮ್ಮ ತಂಗಿಗಿಂತ ಹಿಂದಿದ್ದೇನೆ. ಕಬ್ಬಿಣವೇನೋ ಹೌದು, ತುಕ್ಕು ಹಿಡಿದದ್ದು. ಅಲ್ಲಿಯ ಡಾಕ್ಟರು ರಾಕಿಯಾ ನಿಲ್ಲಿಸಿ ಎಂದರು. ನಿಲ್ಲಿಸಿ ಒಂದು ವಾರವಾಯಿತು. ಬಾಟಲಿಗಳ ಮೇಲಿನ ಚೀಟಿಗಳನ್ನೂ ಕೆರೆದು ತೆಗೆಯುತ್ತಿದ್ದೇನೆ. ಪಟ್ಟಿ ಕೀಳುವುದಕ್ಕಿಂತ ಕಷ್ಟ.

ಈಗ ನೀವು ಈ ಅಂಕಿಗಳನ್ನು ಹಿಡಿದು, ವರ್ಷಗಟ್ಟಲೆ ಮೂರೆಲೆ ಕುಡಿದವನ ಗತಿ ನೋಡಿ ಎಂದು ಊರೆಲ್ಲ ಸಾರುವಿರಿ. ಸಾರಬೇಡಿ. ನನಗಾಗಿ ಅಲ್ಲ, ಆ ಗಿಡಕ್ಕಾಗಿ. ನೀವು ಅದನ್ನು ಕೆಲಸಕ್ಕೆ ಬಾರದ ನೆಂಟ ಎಂದಿರಿ, ಅದು ನಿಜವೇ ಇರಬಹುದು. ಆದರೆ ಮಾಡದ ತಪ್ಪಿಗೆ ಅದನ್ನು ಗಲ್ಲಿಗೇರಿಸುವುದು ನ್ಯಾಯವಲ್ಲ. ಅದರ ಮಾನ ಉಳಿಯಬೇಕಾದರೆ ನನ್ನದು ಹೋಗಬೇಕು. ಬೇರೆ ದಾರಿ ಹುಡುಕಿದೆ, ಸಿಗಲಿಲ್ಲ.

ನಾನು ಆ ಅರ್ಕವನ್ನು ಕುಡಿದವನೇ ಅಲ್ಲ. ಮೊದಲ ವರ್ಷ ಒಂದೇ ಒಂದು ಸಲ ಬಾಯಿಗೆ ಹಾಕಿ ಉಗುಳಿದೆ. ನೆನೆದ ಹುಲ್ಲಿನ ವಾಸನೆ, ನಾಲಿಗೆಗೆ ಕಹಿ, ಒಳ್ಳೆಯ ರಾಕಿಯಾ ದಂಡ. ಅವಳ ಎದುರು ಕೂತು ನಾನು ಎತ್ತುತ್ತಿದ್ದ ಗ್ಲಾಸಿನಲ್ಲಿ ಇದ್ದದ್ದು ಬರೀ ರಾಕಿಯಾ.

ವೆಲಿಕಾಳಿಗೆ ಇದನ್ನು ಹೇಳಬೇಡಿ ಎಂದು ಬೇಡಿಕೊಳ್ಳಲು ಈ ಕಾಗದ ಹಿಡಿದೆ. ಬರೆಯುತ್ತಾ ಬಂದಂತೆ, ಹೇಳದಿದ್ದರೆ ಅವಳು ಬರುವುದು ಬೇರೆ ಯಾವನದೋ ಮನೆಗೆ ಎನಿಸಿತು. ನೀವೇ ಹೇಳಿಬಿಡಿ, ನನಗೆ ಬಾಯಿಲ್ಲ. ಕೇಳಿದ ಮೇಲೂ ಬರುತ್ತೇನೆ ಎಂದರೆ ಬಸ್ಸಿನಲ್ಲಿ ಬೇಡ, ದಾರಿ ಕುಲುಕುತ್ತದೆ. ನಾನೇ ಯಾರದಾದರೂ ಕಾರು ಕೇಳಿಕೊಂಡು ಬರುತ್ತೇನೆ. ಅವಳಿಗೆ ಹೇಗೆ ಗೊತ್ತಾಗಲಿಲ್ಲ ಎಂದು ಅವಳು ಕೇಳಿದರೆ ಅದನ್ನೂ ಹೇಳಿ: ಎರಡು ಗ್ಲಾಸಿನ ಬಣ್ಣ ಒಂದೇ ಇರಲೆಂದು ನನ್ನದಕ್ಕೆ ಒಂದು ಚಮಚ ಚಹಾ ಬೆರೆಸಿಕೊಳ್ಳುತ್ತಿದ್ದೆ.

ಮಿಂಚೊ